ಮನೆ ಕ್ರಯ ವ್ಯವಹಾರದಲ್ಲಿ ವಕೀಲರ ಆಯ್ಕೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಗ್ರಾಮೀಣ ಪ್ರದೇಶದಲ್ಲಿ ಮನೆ ಅಥವಾ ನಿವೇಶನ ಕೊಳ್ಳುವ ಮಾತುಕತೆಯು ಅನೇಕ ಬಾರಿ ಗ್ರಾಮ ಪಂಚಾಯಿತಿ ಸದಸ್ಯರ ಮನೆಯ ಜಗಲಿಯ ಮೇಲೆಯೇ ಆರಂಭವಾಗುತ್ತದೆ. ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಬಾಕಿ ಇದೆಯೇ, ಮಾರುವವರು ನಂಬಿಕಸ್ಥರೇ ಎಂಬ ಪ್ರಶ್ನೆಗಳಿಗೆ ಜನರು ಮೊದಲು ಉತ್ತರ ಕೇಳುವುದು ಸದಸ್ಯರನ್ನು. ಮುಂಗಡ ಹಣ ಕೊಡುವಾಗ ಸದಸ್ಯರು ಎದುರಿಗಿರಬೇಕೆಂದು ಎರಡೂ ಕಡೆಯವರು ಬಯಸುತ್ತಾರೆ; ಕರಾರು ಪತ್ರಕ್ಕೆ ಸಾಕ್ಷಿ ಸಹಿಯನ್ನೂ ಅವರಿಂದಲೇ ಹಾಕಿಸುತ್ತಾರೆ. ವಕೀಲರ ಮಾತು ಬರುವುದು ಇವೆಲ್ಲ ಮುಗಿದ ಮೇಲೆ. ಎಷ್ಟೋ ವ್ಯವಹಾರಗಳಲ್ಲಿ ಬರುವುದೇ ಇಲ್ಲ.

ಒಂದು ಕುಟುಂಬವು ಇಪ್ಪತ್ತು ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣವನ್ನು ಒಂದೇ ದಿನದಲ್ಲಿ ಬೇರೆಯವರ ಕೈಗೆ ಕೊಡುವ ವ್ಯವಹಾರ ಇದು. ಆದುದರಿಂದ ಇದರಲ್ಲಿ ಯಾರ ಹೊಣೆ ಎಷ್ಟು, ವಕೀಲರನ್ನು ಯಾವ ಹಂತದಲ್ಲಿ ಹಾಗೂ ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ಸದಸ್ಯರು ತಿಳಿದಿದ್ದು, ಕೇಳಿ ಬಂದವರಿಗೆ ತಿಳಿಸುವುದು ಅವಶ್ಯಕ.

ಯಾರ ಕೆಲಸ ಎಲ್ಲಿಯವರೆಗೆ

ಮನೆ ಕ್ರಯ ವ್ಯವಹಾರದಲ್ಲಿ ಸಾಮಾನ್ಯವಾಗಿ ಐದು ಜನರ ಪಾತ್ರವಿರುತ್ತದೆ: ಮಧ್ಯವರ್ತಿ, ಪತ್ರಬರಹಗಾರ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಉಪನೋಂದಣಾಧಿಕಾರಿ ಮತ್ತು ವಕೀಲ. ಇಷ್ಟು ಜನರ ಕೈದಾಟಿ ಬಂದ ಪತ್ರದಲ್ಲಿ ದೋಷವಿರಲಾರದು ಎಂಬುದು ಜನರ ನಂಬಿಕೆ. ಆದರೆ ಇವರಲ್ಲಿ ಪ್ರತಿಯೊಬ್ಬರ ಹೊಣೆಗೂ ಒಂದು ಮಿತಿ ಇದೆ.

ಮಧ್ಯವರ್ತಿಯ ಪ್ರತಿಫಲ ವ್ಯಾಪಾರ ಕುದುರಿದರೆ ಮಾತ್ರ ದೊರೆಯುತ್ತದೆ. ವ್ಯಾಪಾರವನ್ನು ನಿಲ್ಲಿಸುವಂತಹ ದೋಷವನ್ನು ಅವನೇ ಹುಡುಕಿ ತೆಗೆಯುವನೆಂದು ನಿರೀಕ್ಷಿಸುವಂತಿಲ್ಲ.

ಪತ್ರಬರಹಗಾರರಿಗೆ ನೋಂದಣಿ ಇಲಾಖೆಯು 1979ರ ನಿಯಮಗಳ ಅನ್ವಯ ಪರವಾನಗಿ ನೀಡುತ್ತದೆ. ಪಕ್ಷಗಾರರು ಹೇಳಿದ ಸಂಗತಿಗಳನ್ನು ಕ್ರಮವಾದ ಭಾಷೆಯಲ್ಲಿ ಬರೆದು, ಕೊನೆಯಲ್ಲಿ ಬಿಕ್ಕಲಂ ಎಂದು ತಮ್ಮ ಸಹಿ ಹಾಕುವುದು ಅವರ ಕೆಲಸ. ಅನುಭವಿಗಳಾದ ಪತ್ರಬರಹಗಾರರ ಬರವಣಿಗೆ ಅಚ್ಚುಕಟ್ಟಾಗಿರುತ್ತದೆ. ಆದರೆ ಮಾರುವವರಿಗೆ ಮಾರುವ ಹಕ್ಕು ಇದೆಯೇ ಎಂದು ಶೋಧಿಸಿ ಹೇಳುವುದು ಅವರ ಕರ್ತವ್ಯದ ಭಾಗವಲ್ಲ.

ಗ್ರಾಮ ಪಂಚಾಯಿತಿಯು ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ-9 ಮತ್ತು ನಮೂನೆ-11ನ್ನು ನೀಡುತ್ತದೆ. ಇವು ಸ್ವತ್ತಿನ ವಿವರ ಹಾಗೂ ತೆರಿಗೆಗೆ ಸಂಬಂಧಿಸಿದ ದಾಖಲೆಗಳು. ಖಾತೆಯಲ್ಲಿ ಹೆಸರಿರುವುದು ಹಕ್ಕಿನ ಒಂದು ಸೂಚನೆಯಾಗಬಹುದೇ ಹೊರತು ಖಾತೆಯೇ ಹಕ್ಕನ್ನು ಸೃಷ್ಟಿಸುವುದಿಲ್ಲ. ತಂದೆ ತೀರಿಕೊಂಡ ಮೇಲೆ ಕಂದಾಯ ಕಟ್ಟುವ ಅನುಕೂಲಕ್ಕಾಗಿ ಹಿರಿಯ ಮಗನ ಹೆಸರಿಗೆ ಖಾತೆ ಮಾಡಿಸಿದ ಮಾತ್ರಕ್ಕೆ ಉಳಿದ ವಾರಸುದಾರರ ಪಾಲು ಅಳಿದುಹೋಗುವುದಿಲ್ಲ.

ಉಪನೋಂದಣಾಧಿಕಾರಿಗಳು 1908ರ ನೋಂದಣಿ ಅಧಿನಿಯಮದಂತೆ ಪತ್ರವನ್ನು ನೋಂದಾಯಿಸುತ್ತಾರೆ. ಪತ್ರ ಬರೆದುಕೊಟ್ಟವರು ಅವರೇ ಹೌದೇ, ಸಹಿ ಒಪ್ಪುತ್ತಾರೆಯೇ, ಮುದ್ರಾಂಕ ಶುಲ್ಕ ಸರಿಯಾಗಿ ಪಾವತಿಯಾಗಿದೆಯೇ ಎಂಬುದು ಅವರ ಮುಖ್ಯ ಪರಿಶೀಲನೆ. ಮಾರುವವರ ಹಕ್ಕಿನ ಸತ್ಯಾಸತ್ಯತೆಯನ್ನು ತೀರ್ಮಾನಿಸುವ ಅಧಿಕಾರ ನೋಂದಣಾಧಿಕಾರಿಗೆ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನೋಂದಣಿಯಾಗುವುದು ಪತ್ರ, ಹಕ್ಕಿಗೆ ಸರ್ಕಾರದ ಖಾತರಿ ಅದರಿಂದ ದೊರೆಯುವುದಿಲ್ಲ.

ಎಲ್ಲ ದೇಶಗಳಲ್ಲಿಯೂ ವ್ಯವಸ್ಥೆ ಹೀಗಿಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರದ ಭೂ ನೋಂದಣಿ ಸಂಸ್ಥೆಯು ದಾಖಲಾದ ಹಕ್ಕಿಗೇ ಖಾತರಿ ನೀಡುತ್ತದೆ. ಅಲ್ಲಿಯೂ ಮನೆ ಕೊಳ್ಳುವವರು ಸಾಲಿಸಿಟರ್ ಎಂಬ ವಕೀಲರನ್ನು ಅಥವಾ 1985ರ ಕಾನೂನಿನಂತೆ ಪರವಾನಗಿ ಪಡೆದ ಸ್ವತ್ತು ವರ್ಗಾವಣಾ ತಜ್ಞರನ್ನು ತಮ್ಮ ಪರವಾಗಿ ನೇಮಿಸಿಕೊಳ್ಳುವುದು ರೂಢಿ. ಹಕ್ಕಿಗೆ ಸರ್ಕಾರದ ಖಾತರಿ ಇಲ್ಲದ ನಮ್ಮ ವ್ಯವಸ್ಥೆಯಲ್ಲಿ ಇಂತಹ ನೆರವಿನ ಅಗತ್ಯ ಇನ್ನೂ ಹೆಚ್ಚು. ಮಾರುವವರ ಹಕ್ಕನ್ನು ಶೋಧಿಸಿ ಅಭಿಪ್ರಾಯ ಕೊಡುವ ಹೊಣೆಯನ್ನು ಇಲ್ಲಿ ಹೊರುವವರು ಕೊಳ್ಳುವವರು ತಾವೇ ನೇಮಿಸಿಕೊಂಡ ವಕೀಲರು ಮಾತ್ರ. ಅವರನ್ನು ನೇಮಿಸಿಕೊಳ್ಳದಿದ್ದರೆ ಆ ಕೆಲಸವನ್ನು ಯಾರೂ ಮಾಡಿರುವುದಿಲ್ಲ.

ಒಂದು ಉದಾಹರಣೆ

ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯ ಒಂದು ಗ್ರಾಮದಲ್ಲಿ ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಗ್ರಾಮಠಾಣದ ಮನೆಯೊಂದನ್ನು ತಂದೆ ಸ್ವಂತ ದುಡಿಮೆಯಿಂದ ಕೊಂಡಿದ್ದು, ಉಯಿಲು ಬರೆಯದೆ ತೀರಿಕೊಂಡಿರುತ್ತಾರೆ. ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇರುತ್ತಾರೆ. ಹಿರಿಯ ಮಗಳನ್ನು ಹೊಳೆನರಸೀಪುರಕ್ಕೂ ಕಿರಿಯ ಮಗಳನ್ನು ಅರಕಲಗೂಡಿಗೂ ಮದುವೆ ಮಾಡಿಕೊಟ್ಟಿರುತ್ತದೆ. ಖಾತೆ ಮಗನ ಹೆಸರಿಗೆ ಆಗಿದೆ. ಚನ್ನರಾಯಪಟ್ಟಣದ ಕಡೆಯ ಒಬ್ಬರು ಆ ಮನೆಯನ್ನು 12 ಲಕ್ಷ ರೂಪಾಯಿಗೆ ಕೊಳ್ಳುತ್ತಾರೆ. ಖಾತೆ ಸರಿಯಿದೆ, ಕಂದಾಯ ಬಾಕಿ ಇಲ್ಲ, ಋಣಭಾರ ಪತ್ರದಲ್ಲಿ ಯಾವ ಸಾಲವೂ ಕಾಣುವುದಿಲ್ಲ. ಕ್ರಯಪತ್ರ ನೋಂದಣಿಯಾಗುತ್ತದೆ, ಹೊಸ ಖಾತೆಯೂ ಆಗುತ್ತದೆ.

1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಉಯಿಲಿಲ್ಲದೆ ತೀರಿಕೊಂಡವರ ಸ್ವಯಾರ್ಜಿತ ಸ್ವತ್ತು ಹೆಂಡತಿ, ಗಂಡುಮಕ್ಕಳು ಮತ್ತು ಹೆಣ್ಣುಮಕ್ಕಳಿಗೆ ಸಮವಾಗಿ ಸೇರುತ್ತದೆ. ಅಂದರೆ ಮೇಲಿನ ಉದಾಹರಣೆಯಲ್ಲಿ ಮಗನಿಗೆ ಇದ್ದುದು ನಾಲ್ಕನೆಯ ಒಂದು ಪಾಲು ಮಾತ್ರ. ಕೊಂಡವರು 12 ಲಕ್ಷ ಕೊಟ್ಟು ಪಡೆದದ್ದು 3 ಲಕ್ಷದ ಹಕ್ಕನ್ನು. ಅಷ್ಟೇ ಅಲ್ಲ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 44ನೇ ಪ್ರಕರಣದಂತೆ ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಂದು ಪಾಲನ್ನು ಕೊಂಡ ಹೊರಗಿನವರಿಗೆ ಉಳಿದವರೊಡನೆ ಜಂಟಿ ಸ್ವಾಧೀನವನ್ನು ಕೇಳುವ ಹಕ್ಕೂ ಇಲ್ಲ. ಅವರು ವಿಭಾಗಕ್ಕೆ ದಾವೆ ಹೂಡಬೇಕು. ಆಗ 1893ರ ವಿಭಜನೆ ಅಧಿನಿಯಮದ 4ನೇ ಪ್ರಕರಣದಂತೆ ಕುಟುಂಬದ ಪಾಲುದಾರರು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಆ ಪಾಲನ್ನು ತಾವೇ ಕೊಂಡುಕೊಳ್ಳಲು ಅವಕಾಶವಿದೆ. ಉಳಿದ ಹಣವನ್ನು ಮಾರಿದವರಿಂದ ವಸೂಲು ಮಾಡಿಕೊಳ್ಳಲು ಕೊಂಡವರು ಮತ್ತೆ ಅಲೆಯಬೇಕಾಗುತ್ತದೆ.

ಇಲ್ಲಿ ಯಾವ ಕಚೇರಿಯೂ ತನ್ನ ಕೆಲಸದಲ್ಲಿ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು. ಪತ್ರ ಬರೆದವರು ಹೇಳಿದ್ದನ್ನು ಬರೆದರು. ನೋಂದಣಾಧಿಕಾರಿ ಸಹಿ ಪಡೆದು ನೋಂದಾಯಿಸಿದರು. ಪಂಚಾಯಿತಿಯು ನೋಂದಾಯಿತ ಪತ್ರದಂತೆ ಖಾತೆ ಬದಲಾಯಿಸಿತು. ವಂಶವೃಕ್ಷವನ್ನು ಕೇಳುವವರು ಒಬ್ಬರು ಇರಲಿಲ್ಲ, ಅಷ್ಟೇ.

ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಗ್ರಾಮಗಳಲ್ಲಿ ಹಳೆಯ ತಿಳಿವಳಿಕೆಯೇ ಉಳಿದಿರುವುದರಿಂದ ಇಂತಹ ವ್ಯಾಜ್ಯಗಳು ಹುಟ್ಟುತ್ತವೆ. ಗಂಡುಮಕ್ಕಳು ಭಾಗ ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂಬ ನಿರ್ಬಂಧ ಹಿಂದೆ ಕಾನೂನಿನಲ್ಲಿಯೇ ಇತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಆ ನಿರ್ಬಂಧವನ್ನು ತೆಗೆದುಹಾಕಿತು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಹುಟ್ಟಿನಿಂದಲೇ ನೀಡಿತು. ಆ ದಿನದಂದು ತಂದೆ ಬದುಕಿರಬೇಕೆಂಬ ಷರತ್ತು ಇದಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪು ನೀಡಿದೆ. ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವೆ, ಬಾಯಿಮಾತಿನಲ್ಲಿ ಬೇಡವೆಂದಿದ್ದಾರೆ ಎಂಬ ಸಮಜಾಯಿಷಿ ಕ್ರಯದ ವ್ಯವಹಾರದಲ್ಲಿ ನಿಲ್ಲುವುದಿಲ್ಲ. ಅವರು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು.

ಮುಂಗಡಕ್ಕೆ ಮೊದಲೇ ವಕೀಲರು

ವಕೀಲರನ್ನು ಕಾಣಬೇಕಾದ ಸಮಯ ಮುಂಗಡ ಕೊಡುವುದಕ್ಕೆ ಮೊದಲು. ಮುಂಗಡ ಕೊಟ್ಟ ಮೇಲೆ ದೋಷ ತಿಳಿದರೆ ಹಣ ಹಿಂದಕ್ಕೆ ಪಡೆಯುವುದೇ ಒಂದು ವ್ಯಾಜ್ಯವಾಗುತ್ತದೆ. ಸ್ವತ್ತಿನ ಹಾಗೂ ಹಕ್ಕಿನ ದೋಷಗಳನ್ನು ತಿಳಿಸುವುದು, ಕೊಳ್ಳುವವರು ಕೇಳಿದಾಗ ತಮ್ಮ ವಶದಲ್ಲಿರುವ ಮೂಲಪತ್ರಗಳನ್ನು ಪರಿಶೀಲನೆಗೆ ಒದಗಿಸುವುದು ಮಾರುವವರ ಕರ್ತವ್ಯವೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಪ್ರಕರಣ ಹೇಳುತ್ತದೆ. ಆದುದರಿಂದ ದಾಖಲೆಗಳನ್ನು ವಕೀಲರಿಗೆ ತೋರಿಸಲು ವಾರವೆರಡು ವಾರದ ಕಾಲಾವಕಾಶ ಕೇಳುವುದು ಅಪನಂಬಿಕೆಯ ಮಾತಲ್ಲ, ಕಾನೂನು ಕೊಟ್ಟಿರುವ ಹಕ್ಕು. ಈ ಮಾತನ್ನು ಸದಸ್ಯರು ಎರಡೂ ಕಡೆಯವರ ಎದುರಿನಲ್ಲಿ ಹೇಳಿದರೆ ಸಂಕೋಚ ದೂರವಾಗುತ್ತದೆ.

ಜಿಪಿಎ ಎಂದು ಕರೆಯಲಾಗುವ ಸಾಮಾನ್ಯ ಅಧಿಕಾರಪತ್ರದ ಮೂಲಕ ಮನೆ "ಮಾರುವ" ಪ್ರಸ್ತಾಪ ಬಂದಾಗ ಈ ಹಂತ ಇನ್ನಷ್ಟು ಮುಖ್ಯ. ಅಧಿಕಾರಪತ್ರ, ಕರಾರು, ಉಯಿಲು ಇವುಗಳಿಂದ ಸ್ಥಿರಾಸ್ತಿಯ ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ, ನೋಂದಾಯಿತ ಕ್ರಯಪತ್ರದಿಂದಲೇ ಆಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2011ರ ಅಕ್ಟೋಬರ್ 11ರಂದು ತೀರ್ಪು ನೀಡಿದೆ.

ವಕೀಲರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

1. ವಕೀಲರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಹೊಂದಿದ್ದಾರೆಯೇ, ಸಿವಿಲ್ ಹಾಗೂ ಭೂದಾಖಲೆಗಳ ಕೆಲಸವನ್ನು ಹೆಚ್ಚಾಗಿ ಮಾಡುತ್ತಾರೆಯೇ? ಕ್ರಿಮಿನಲ್ ಪ್ರಕರಣಗಳಲ್ಲಿ ಹೆಸರು ಮಾಡಿದವರೆಲ್ಲರೂ ಹಕ್ಕು ಶೋಧನೆಯಲ್ಲಿ ಪಳಗಿದವರಾಗಿರಬೇಕೆಂದಿಲ್ಲ.

2. ಅವರು ಇದೇ ವ್ಯವಹಾರದಲ್ಲಿ ಮಾರುವವರ ಅಥವಾ ಮಧ್ಯವರ್ತಿಯ ಪರವಾಗಿಯೂ ಇದ್ದಾರೆಯೇ? ಒಂದು ವಿಷಯದಲ್ಲಿ ಒಬ್ಬರ ಪರ ಕೆಲಸ ಮಾಡಿದ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷಗಾರರ ಪರ ಕೆಲಸ ಮಾಡುವಂತಿಲ್ಲವೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. "ಇಬ್ಬರಿಗೂ ಒಬ್ಬರೇ ವಕೀಲರು ಸಾಕು, ಖರ್ಚು ಉಳಿಯುತ್ತದೆ" ಎಂಬ ಸಲಹೆಯನ್ನು ಒಪ್ಪಬಾರದು.

3. ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೊಡುತ್ತಾರೆಯೇ? "ಎಲ್ಲ ಸರಿಯಿದೆ, ಧೈರ್ಯವಾಗಿ ತೆಗೆದುಕೊಳ್ಳಿ" ಎಂಬ ಬಾಯಿಮಾತು ಸಾಲದು. ಯಾವ ಯಾವ ದಾಖಲೆ ನೋಡಲಾಯಿತು, ಎಷ್ಟು ವರ್ಷ ಹಿಂದಿನವರೆಗೆ ನೋಡಲಾಯಿತು, ಏನು ಇನ್ನೂ ಬರಬೇಕಾಗಿದೆ, ಯಾರ ಯಾರ ಸಹಿ ಬೇಕು ಎಂಬ ವಿವರ ಅದರಲ್ಲಿರಬೇಕು.

4. ಶುಲ್ಕ ಎಷ್ಟು, ಅದರಲ್ಲಿ ಯಾವ ಕೆಲಸಗಳು ಸೇರಿವೆ? ಶೋಧನೆ ಮತ್ತು ಅಭಿಪ್ರಾಯ, ಕರಾರು, ಕ್ರಯಪತ್ರದ ಕರಡು, ನೋಂದಣಿ ದಿನದ ಹಾಜರಾತಿ, ಖಾತೆ ಬದಲಾವಣೆಯ ಅರ್ಜಿ ಇವುಗಳನ್ನು ಬಿಡಿಬಿಡಿಯಾಗಿ ಕೇಳಿ ತಿಳಿದುಕೊಂಡು, ಕೊಟ್ಟ ಹಣಕ್ಕೆ ರಸೀದಿ ಪಡೆಯಬೇಕು.

5. ಕಡತವನ್ನು ಓದುವವರು ಅವರೇ, ಅಥವಾ ಕಿರಿಯರು ಮತ್ತು ಗುಮಾಸ್ತರೇ? ಕಿರಿಯರು ಓದುವುದರಲ್ಲಿ ತಪ್ಪಿಲ್ಲ. ಅಭಿಪ್ರಾಯಕ್ಕೆ ಸಹಿ ಹಾಕಿ ಹೊಣೆ ಹೊರುವವರು ಯಾರೆಂಬುದು ಸ್ಪಷ್ಟವಿರಬೇಕು.

6. ಕ್ರಯಪತ್ರದ ಕರಡನ್ನು ಪಕ್ಷಗಾರರಿಗೆ ಕನ್ನಡದಲ್ಲಿ ಓದಿ ಹೇಳುತ್ತಾರೆಯೇ? ಪ್ರಶ್ನೆ ಕೇಳಿದಾಗ ಬೇಸರಿಸುವವರಿಗಿಂತ ತಾಳ್ಮೆಯಿಂದ ವಿವರಿಸುವವರು ಮೇಲು.

ಬ್ಯಾಂಕ್ ಸಾಲ ಪಡೆದು ಮನೆ ಕೊಳ್ಳುವವರು ಬ್ಯಾಂಕಿನ ವಕೀಲರೇ ನೋಡಿದ್ದಾರೆಂದು ಸುಮ್ಮನಾಗುವುದುಂಟು. ಆ ವಕೀಲರ ಅಭಿಪ್ರಾಯ ಬ್ಯಾಂಕಿಗಾಗಿ, ಬ್ಯಾಂಕಿನ ಸಾಲದ ಭದ್ರತೆಗಾಗಿ ಸಿದ್ಧವಾದುದು. ಅದರ ಪ್ರತಿಯನ್ನು ಕೇಳಿ ಪಡೆಯುವುದು ಒಳ್ಳೆಯದು. ಆದರೆ ಅದು ಸ್ವಂತ ವಕೀಲರ ಪರಿಶೀಲನೆಗೆ ಬದಲಿಯಾಗಲಾರದು.

ಜಿಲ್ಲೆಯೊಳಗಿನ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳುವ ವ್ಯವಸ್ಥೆ 2024ರ ಸೆಪ್ಟೆಂಬರ್‌ನಿಂದ ರಾಜ್ಯದಾದ್ಯಂತ ಇದೆ. ಕಟ್ಟಾಯ ಹೋಬಳಿಯ ಸ್ವತ್ತನ್ನು ಹಾಸನದಲ್ಲಿಯೇ ನೋಂದಾಯಿಸಬೇಕೆಂದಿಲ್ಲ, ಹೊಳೆನರಸೀಪುರದಲ್ಲಿಯೂ ಆಗಬಹುದು. ಆದರೆ ನೋಂದಣಿ ಎಲ್ಲಿ ಆದರೂ ಸ್ವತ್ತಿನ ಹಳೆಯ ದಾಖಲೆಗಳು ಆಯಾ ತಾಲ್ಲೂಕು ಮತ್ತು ಪಂಚಾಯಿತಿಯಲ್ಲಿಯೇ ಇರುತ್ತವೆ. ಆದ್ದರಿಂದ ನೋಂದಣಿ ಕಚೇರಿಗೆ ಹತ್ತಿರವಿರುವ ವಕೀಲರಿಗಿಂತ ಸ್ವತ್ತು ಇರುವ ತಾಲ್ಲೂಕಿನ ದಾಖಲೆಗಳನ್ನು ಬಲ್ಲ ವಕೀಲರನ್ನು ಆರಿಸುವುದು ಸೂಕ್ತ.

ಒಳ್ಳೆಯ ವಕೀಲರು ಯಾವ ದಾಖಲೆಗಳನ್ನು ಕೇಳುತ್ತಾರೆ

ವಕೀಲರ ಗುಣಮಟ್ಟವನ್ನು ಅವರು ಕೇಳುವ ದಾಖಲೆಗಳಿಂದಲೇ ಅಳೆಯಬಹುದು. ನಮೂನೆ-9 ಮತ್ತು ಋಣಭಾರ ಪತ್ರವನ್ನಷ್ಟೇ ಕೇಳಿ ಮುಗಿಸುವವರು ಅರ್ಧ ಕೆಲಸ ಮಾಡಿದಂತೆ.

ಋಣಭಾರ ಪತ್ರದಲ್ಲಿ ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ. ಕಾವೇರಿ ಜಾಲತಾಣದಲ್ಲಿ ದೊರೆಯುವ ಮಾಹಿತಿ 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಸೂಚಿ ಪುಸ್ತಕಗಳನ್ನು ಹುಡುಕಿಸಬೇಕು. ನೋಂದಣಿಯಾಗದ ಪಾಲುಪಾರಿಕತ್ತು, ಉಯಿಲು, ವಾರಸುದಾರರ ಹಕ್ಕು ಇವು ಅದರಲ್ಲಿ ಬರುವುದಿಲ್ಲ. ನ್ಯಾಯಾಲಯದಲ್ಲಿರುವ ದಾವೆಯೂ ಅದರಲ್ಲಿ ಕಾಣದಿರಬಹುದು. ದಾವೆ ನಡೆಯುತ್ತಿರುವಾಗ ಸ್ವತ್ತನ್ನು ಕೊಂಡವರು ಅದರ ತೀರ್ಪಿಗೆ ಬದ್ಧರಾಗಬೇಕಾಗುವುದರಿಂದ ವಕೀಲರು ನ್ಯಾಯಾಲಯದ ದಾಖಲೆಯನ್ನೂ ನೋಡಬೇಕು.

ವಂಶವೃಕ್ಷವನ್ನು ಹೋಬಳಿಯ ನಾಡಕಚೇರಿಯ ಮೂಲಕ ಪಡೆಯಬಹುದು. ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರುಗಳು, ತೀರಿಕೊಂಡ ಮಕ್ಕಳ ಹೆಂಡತಿ ಮಕ್ಕಳ ಹೆಸರುಗಳು ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ವಿಷಯದಲ್ಲಿ ಊರಿನವರಾದ ಸದಸ್ಯರಿಗಿಂತ ಚೆನ್ನಾಗಿ ಬಲ್ಲವರು ಬೇರೊಬ್ಬರಿಲ್ಲ.

ಗ್ರಾಮಠಾಣದ ಹಳೆಯ ಮನೆಗಳಿಗೆ ಅನೇಕ ವೇಳೆ ಮೂಲಪತ್ರವೇ ಇರುವುದಿಲ್ಲ. ಇದ್ದರೂ "ಮೂರಂಕಣದ ಹೆಂಚಿನ ಮನೆ" ಎಂಬಷ್ಟೇ ವಿವರವಿದ್ದು ಅಡಿಗಳ ಅಳತೆ ಇರುವುದಿಲ್ಲ. ಅಂತಹ ಕಡೆ ಪಂಚಾಯಿತಿಯ ಹಳೆಯ ತೆರಿಗೆ ಬೇಡಿಕೆ ವಹಿಗಳೇ ಆಧಾರ. ಸ್ಥಳದ ಅಳತೆ, ಚಕ್ಕುಬಂದಿ, ಇ-ಸ್ವತ್ತಿನ ವಿವರ ಮೂರೂ ಹೊಂದುತ್ತವೆಯೇ ಎಂದು ಮೊದಲೇ ನೋಡಿದರೆ ನೆರೆಯವರೊಡನೆ ಗೋಡೆಯ ಜಗಳ ತಪ್ಪುತ್ತದೆ.

ಗ್ರಾಮಠಾಣದ ಹೊರಗಿನ ನಿವೇಶನವಾದರೆ ಭೂಪರಿವರ್ತನೆ ಆದೇಶ ಮತ್ತು ಅನುಮೋದಿತ ವಿನ್ಯಾಸ ನಕ್ಷೆ ಇವೆಯೇ ಎಂದು ನೋಡಬೇಕು. ನಮೂನೆ-11ಬಿ ದೊರೆತಿದೆ ಎಂದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ದೊರೆತಂತಾಗುವುದಿಲ್ಲ.

ಸರ್ಕಾರದಿಂದ ಮಂಜೂರಾದ ಸ್ವತ್ತುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಕ್ರಯ ಅಸಿಂಧು. ಜಮೀನು ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗುತ್ತದೆ. ಕಾಲ ಕಳೆದಿದೆ ಎಂಬ ಕಾರಣದಿಂದ ಮರುಸ್ಥಾಪನೆಯ ಅರ್ಜಿ ತಿರಸ್ಕೃತವಾಗಬಾರದೆಂದು 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತರಲಾಗಿದೆ. ಹೇಮಾವತಿ ಜಲಾಶಯ ಯೋಜನೆಯ ಮುಳುಗಡೆ ಕುಟುಂಬಗಳಿಗೆ ಕೊಟ್ಟ ಭೂಮಿ, ವಸತಿ ಯೋಜನೆಗಳ ಮನೆಗಳು, 94ಸಿ ಅಡಿಯಲ್ಲಿ ಸಕ್ರಮಗೊಂಡ ಮನೆಗಳು ಇವುಗಳ ಮೂಲ ಆದೇಶ ಅಥವಾ ಹಕ್ಕುಪತ್ರವನ್ನು ತರಿಸಿ, ಪರಭಾರೆಗೆ ಅವಧಿಯ ನಿರ್ಬಂಧವಿದೆಯೇ ಎಂದು ಓದಿಯೇ ಮುಂದುವರಿಯಬೇಕು.

ಮಾರುವವರಿಗೂ ವಕೀಲರು ಬೇಕು

ಹಣ ಬರುವ ಕಡೆಯವರಿಗೆ ವಕೀಲರೇಕೆ ಎಂಬ ಭಾವನೆ ಇದೆ. ಹಕ್ಕು ತಮ್ಮದೇ, ಅದನ್ನು ವರ್ಗಾಯಿಸುವ ಅಧಿಕಾರ ತಮಗಿದೆ ಎಂಬ ಭರವಸೆಯನ್ನು ಮಾರುವವರು ಕೊಟ್ಟಂತೆಯೇ ಎಂದು ಕಾನೂನು ಭಾವಿಸುತ್ತದೆ. ಮುಂದೆ ದೋಷ ಕಂಡುಬಂದರೆ ನಷ್ಟ ತುಂಬಿಕೊಡುವ ಹೊಣೆ ಅವರ ಮೇಲೆ ಬರುತ್ತದೆ. ಬಾಕಿ ಹಣ ಕೈಸೇರುವ ಮೊದಲೇ "ಪೂರ್ಣ ಮೊಬಲಗು ಸಂದಿದೆ" ಎಂದು ಬರೆದ ಪತ್ರಕ್ಕೆ ಸಹಿ ಹಾಕಿ ಒಂಟಿ ವೃದ್ಧರು ಮೋಸಹೋಗುವುದುಂಟು. ಖಾಲಿ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದೆಂದು ಸದಸ್ಯರು ಖಂಡಿತವಾಗಿ ಹೇಳಬೇಕು. ಮೂಲಪತ್ರಗಳನ್ನು ಹಣ ಪೂರ್ತಿ ಸಂದಾಯವಾಗುವವರೆಗೆ ಬಿಟ್ಟುಕೊಡದೆ, ಪರಿಶೀಲನೆಗೆ ನಕಲು ಪ್ರತಿ ಕೊಟ್ಟು ಮೂಲವನ್ನು ಎದುರಿನಲ್ಲಿ ತೋರಿಸಬಹುದು.

ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಉಲ್ಲಂಘನೆಗೆ ಪಡೆದ ಮೊತ್ತದಷ್ಟೇ ದಂಡ ಬೀಳಬಹುದು. ಬ್ಯಾಂಕ್ ಮೂಲಕ ಹಣ ಪಾವತಿಯಾದರೆ ಎರಡೂ ಕಡೆಯವರಿಗೆ ಸಾಕ್ಷ್ಯ ಉಳಿಯುತ್ತದೆ.

ಸರ್ಕಾರಕ್ಕೆ ಸಲ್ಲುವ ಹಣ ಬೇರೆ, ವಕೀಲರ ಶುಲ್ಕ ಬೇರೆ

"ನೋಂದಣಿ ಖರ್ಚು ಎಲ್ಲ ಸೇರಿ ಇಷ್ಟು" ಎಂದು ಒಂದೇ ಮೊತ್ತ ಹೇಳುವವರ ಬಳಿ ವಿವರ ಕೇಳಬೇಕು. ಗ್ರಾಮೀಣ ಪ್ರದೇಶದ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಶೇ. 10 ಉಪಕರ ಮತ್ತು ಶೇ. 3 ಅಧಿಭಾರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಹಿಂದಿನ ಉದಾಹರಣೆಯ 12 ಲಕ್ಷ ರೂಪಾಯಿಯ ಮನೆಗೆ ಲೆಕ್ಕ ಹೀಗಾಗುತ್ತದೆ: ಮುದ್ರಾಂಕ ಶುಲ್ಕ 60,000, ಉಪಕರ 6,000, ಅಧಿಭಾರ 1,800, ನೋಂದಣಿ ಶುಲ್ಕ 24,000; ಒಟ್ಟು 91,800 ರೂಪಾಯಿ. ಮಾರ್ಗಸೂಚಿ ಬೆಲೆಯು ಕ್ರಯದ ಬೆಲೆಗಿಂತ ಹೆಚ್ಚಾಗಿದ್ದರೆ ಅದರ ಮೇಲೆಯೇ ಲೆಕ್ಕ. ಈ ಹಣ ಆನ್‌ಲೈನ್ ಮೂಲಕ ನೇರವಾಗಿ ಸರ್ಕಾರದ ಖಜಾನೆಗೆ ಸಂದಾಯವಾಗುವುದರಿಂದ ಅದರ ರಸೀದಿಯನ್ನು ಕೊಳ್ಳುವವರು ಇಟ್ಟುಕೊಳ್ಳಬೇಕು. ದರಗಳು ಬದಲಾಗುವುದರಿಂದ ನೋಂದಣಿಗೆ ಮುನ್ನ ಕಾವೇರಿ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಇದಕ್ಕೆ ಹೋಲಿಸಿದರೆ ಹಕ್ಕು ಶೋಧನೆಗಾಗಿ ವಕೀಲರಿಗೆ ಕೊಡುವ ಶುಲ್ಕ ಸಣ್ಣದು. ಅದನ್ನು ಉಳಿಸಲು ಹೋಗಿ ಮನೆಯ ಬೆಲೆಯನ್ನೇ ಪಣಕ್ಕಿಡುವುದು ಜಾಣತನವಲ್ಲ. ಶುಲ್ಕ ಭರಿಸಲಾಗದವರಿಗೂ ದಾರಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು, ಅಂಗವಿಕಲರು ಮುಂತಾದವರು ಉಚಿತ ಕಾನೂನು ನೆರವಿಗೆ ಅರ್ಹರು. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ 15100 ಸಹಾಯವಾಣಿಯಿಂದ ಸಲಹೆ ಪಡೆಯಬಹುದು. ವಕೀಲರ ದುರ್ನಡತೆಯ ಬಗ್ಗೆ ದೂರಿದ್ದರೆ 1961ರ ವಕೀಲರ ಅಧಿನಿಯಮದ 35ನೇ ಪ್ರಕರಣದಂತೆ ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸಬಹುದು.

ಸದಸ್ಯರು ಪಾಲಿಸಬೇಕಾದ ಎಚ್ಚರಿಕೆ

ಸದಸ್ಯರು ಒಬ್ಬರೇ ವಕೀಲರ ಹೆಸರನ್ನು ಸೂಚಿಸುವುದು ಸೂಕ್ತವಲ್ಲ. ವ್ಯವಹಾರ ಕೆಟ್ಟರೆ ಆ ಸೂಚನೆಯೇ ಸದಸ್ಯರ ಮೇಲಿನ ಆರೋಪವಾಗಬಹುದು. ತಾಲ್ಲೂಕು ಕೇಂದ್ರದ ವಕೀಲರ ಸಂಘದಲ್ಲಿ ವಿಚಾರಿಸಿ, ಇಬ್ಬರು ಮೂವರನ್ನು ಕಂಡು, ಮೇಲಿನ ಪ್ರಶ್ನೆಗಳನ್ನು ಕೇಳಿ ತಾವೇ ನಿರ್ಧರಿಸುವಂತೆ ತಿಳಿಸಬೇಕು. ಮಾರುವವರಾಗಲಿ ಮಧ್ಯವರ್ತಿಯಾಗಲಿ ಸೂಚಿಸಿದ ವಕೀಲರನ್ನೇ ಕೊಳ್ಳುವವರು ನೇಮಿಸಿಕೊಳ್ಳದಂತೆ ಹೇಳಬೇಕು.

ಸಾಕ್ಷಿ ಸಹಿ ಹಾಕುವ ಮುನ್ನ ಪತ್ರವನ್ನು ಓದಬೇಕು. ಸಾಕ್ಷಿಯ ಸಹಿಯು ಪಕ್ಷಗಾರರು ತಮ್ಮ ಎದುರಿಗೆ ಸಹಿ ಮಾಡಿದರು ಎಂಬುದಕ್ಕೆ ಮಾತ್ರವಾದರೂ, "ಸದಸ್ಯರೇ ಸಹಿ ಹಾಕಿದ್ದಾರೆ" ಎಂಬ ಮಾತಿಗೆ ಊರಿನಲ್ಲಿ ಇರುವ ತೂಕ ಬೇರೆ. ಖಾತೆಯ ಬಗ್ಗೆ ಕೇಳಿದಾಗ ಬಾಯಿಮಾತಿನ ಉತ್ತರ ಕೊಡದೆ, ಪಂಚಾಯಿತಿ ಕಚೇರಿಯಿಂದ ಹಳೆಯ ವಹಿಗಳ ದೃಢೀಕೃತ ನಕಲು ಪಡೆಯುವಂತೆ ಸೂಚಿಸಬೇಕು. ಅರ್ಜಿ ಬಂದಾಗ ಆ ನಕಲುಗಳು ವಿಳಂಬವಿಲ್ಲದೆ ದೊರೆಯುವಂತೆ ನೋಡಿಕೊಳ್ಳುವುದು ಸದಸ್ಯರು ಹಾಗೂ ಸಿಬ್ಬಂದಿಯ ಹೊಣೆ.

ಮನೆಯ ಮಾತು ಎತ್ತಿಕೊಂಡು ಬಂದವರಿಗೆ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆಗಳು ಎರಡು: ವಂಶವೃಕ್ಷದಲ್ಲಿರುವ ಎಲ್ಲರೂ ಸಹಿ ಹಾಕುತ್ತಾರೆಯೇ? ನಿಮ್ಮದೇ ಆದ ವಕೀಲರು ಕಾಗದಪತ್ರಗಳನ್ನು ನೋಡಿ ಬರವಣಿಗೆಯಲ್ಲಿ ಅಭಿಪ್ರಾಯ ಕೊಟ್ಟಿದ್ದಾರೆಯೇ? ಎರಡಕ್ಕೂ ಹೌದೆಂಬ ಉತ್ತರ ಬರುವವರೆಗೆ ಮುಂಗಡ ಕೊಡದಿರುವಂತೆ ತಿಳಿಸತಕ್ಕದ್ದು.